ಡ್ರಾಯಿಂಗ್, ಅಸ್ಟ್ರಾನಮಿ, ಅಕೌಂಟಿಂಗ್: 41ನೇ ವಯಸ್ಸಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರೋದಾದ್ರೆ ಯಾವುದು ಮೊದಲು?

ಹರಿಹರದ ಹೊಳೆ:
ಎಲ್ರಿಗೂ ನಮಸ್ಕಾರ. ನಾವಿರೋದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, ಬಂದು ನಾಲ್ಕು ವರ್ಷ ಆಯ್ತು. ನಂದು ಎಚ್-4 ವೀಸಾ (ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡೋದು), ಇನ್ನೂ ಇಎಡಿ ಅಂದ್ರೆ ಕೆಲಸ ಮಾಡೋ ಅನುಮತಿ ಇಲ್ಲ, ನಮ್ಮನೆಯವರ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗ್ಬೇಕು ಅದಕ್ಕೆ. ಮಕ್ಕಳಿಬ್ರೂ ಸ್ಕೂಲಿಗೆ ಹೋದ್ಮೇಲೆ ಬೆಳಗ್ಗೆ ಎಂಟೂವರೆಯಿಂದ ಎರಡೂವರೆ ತನಕ ಮನೇಲಿ ನಾನೊಬ್ಳೇ. ಪಕ್ಕದ ಮನೆಯವ್ರು ಡಿ ಆಂಜಾ ಅನ್ನೋ ಕಮ್ಯುನಿಟಿ ಕಾಲೇಜಿನ (ಯಾರು ಬೇಕಾದ್ರೂ ಸೇರಬಹುದಾದ ಸರ್ಕಾರಿ ಕಾಲೇಜು) ಕ್ಲಾಸ್ ಲಿಸ್ಟ್ ತೋರ್ಸಿದ್ರು, ರಾತ್ರಿಯೆಲ್ಲಾ ಕೂತು ನೋಡ್ದೆ, ಮೂರರ ಮೇಲೆ ಮನಸ್ಸು ನಿಂತಿದೆ.

ಒಂದು ಡ್ರಾಯಿಂಗ್. ಹೈಸ್ಕೂಲಲ್ಲಿ ಲೋಯರ್ ಗ್ರೇಡ್ ಹೈಯರ್ ಗ್ರೇಡ್ ಎರಡೂ ಪಾಸಾಗಿದ್ದೆ, ಪಿಯುಸಿ ಆದ್ಮೇಲೆ ದಾವಣಗೆರೆ ದೃಶ್ಯಕಲಾ ಮಹಾವಿದ್ಯಾಲಯಕ್ಕೆ ಸೇರ್ತೀನಿ ಅಂದಿದ್ದಕ್ಕೆ ಅಪ್ಪ ಬಿಕಾಂ ಮಾಡು ಅಂದ್ರು, ಮಾಡ್ದೆ. ಎರಡನೇದು ಅಸ್ಟ್ರಾನಮಿ, ಬೇಸಿಗೇಲಿ ಮಾಳಿಗೆ ಮೇಲೆ ಮಲಗಿದಾಗ ಅಜ್ಜಿ ಸಪ್ತರ್ಷಿ ಮಂಡಲ, ಅರುಂಧತಿ, ಕೃತ್ತಿಕೆ ಗೊಂಚಲು ಅಂತ ಬೆರಳು ಮಾಡಿ ತೋರಿಸ್ತಿದ್ದಿದ್ದು ಇನ್ನೂ ಕಣ್ಣಲ್ಲಿದೆ, ಅದೆಲ್ಲಾ ಏನು ಎತ್ತ ಅಂತ ಸರಿಯಾಗಿ ತಿಳ್ಕೋಬೇಕು. ಮೂರನೇದು ಅಕೌಂಟಿಂಗ್, ಯಾಕಂದ್ರೆ ಮದುವೆಗೆ ಮುಂಚೆ ಮೂರು ವರ್ಷ ಆಡಿಟರ್ ಆಫೀಸಲ್ಲಿ ಕೆಲಸ ಮಾಡಿದೀನಿ, ಮನೇಲಿ ಎಲ್ರೂ ಹೇಳೋದು ಅದನ್ನೇ ತಗೋ ನಾಳೆ ಉಪಯೋಗಕ್ಕೆ ಬರತ್ತೆ ಅಂತ.

ಈ ಸಲಕ್ಕೆ ಒಂದೇ ಒಂದು ಕ್ಲಾಸ್ ತಗೊಳ್ಳೋದು ಅಂತಿದೀನಿ. ಎಚ್-4ನಲ್ಲಿ ಓದಬಹುದಾ? ಫೀಸು ಎಷ್ಟಾಗತ್ತೆ? 19 ವರ್ಷದ ಮಕ್ಕಳ ಮಧ್ಯೆ ಕೂರೋದು ಹೆಂಗಿರತ್ತೆ? ಇಂಗ್ಲಿಷಲ್ಲಿ ಮಾತಾಡೋದು ಪರವಾಗಿಲ್ಲ ಆದ್ರೆ ಬರೆಯೋದು ಅಂದ್ರೆ ಸ್ವಲ್ಪ ಭಯ. ಅನುಭವ ಇರೋರು ದಯವಿಟ್ಟು ಹೇಳಿ.

ಒಂಟಿಕೊಪ್ಪಲು:
ಮೊದಲು ವೀಸಾ ವಿಷಯ ಮುಗಿಸ್ಬಿಡೋಣ ಕಣ್ರೀ. ಎಚ್-4ನಲ್ಲಿ ಪಾರ್ಟ್ ಟೈಮ್ ಆಗ್ಲಿ ಫುಲ್ ಟೈಮ್ ಆಗ್ಲಿ ಆರಾಮಾಗಿ ಓದಬಹುದು, ಎಫ್-1 ಅಂದ್ರೆ ಸ್ಟೂಡೆಂಟ್ ವೀಸಾಗೆ ಬದಲಾಯಿಸ್ಕೊಳ್ಳೋ ಅಗತ್ಯ ಇಲ್ಲ. ಮಾಡಬಾರದು ಅಂತಿರೋದು ಇಎಡಿ ಇಲ್ದೆ ಸಂಬಳದ ಕೆಲಸ ಮಾತ್ರ. ಎಚ್-1ಬಿ ಇರೋರೂ ಕೆಲಸದ ಜೊತೆ ಸಂಜೆ ಕ್ಲಾಸ್ ತಗೋಬಹುದು.

ಫೀಸು ವಿಷಯಕ್ಕೆ ಬಂದ್ರೆ, ಕ್ಯಾಲಿಫೋರ್ನಿಯಾದ ನಿವಾಸಿ ಅಂತ ಕಾಲೇಜು ಒಪ್ಪಿದ್ರೆ ಸೆಮಿಸ್ಟರ್ ಯುನಿಟ್‌ಗೆ 46 ಡಾಲರ್ (ಯುನಿಟ್ ಅಂದ್ರೆ ಕೋರ್ಸ್ ಎಷ್ಟು ದೊಡ್ಡದು ಅನ್ನೋ ಅಳತೆ). ಡಿ ಆಂಜಾ ಮತ್ತೆ ಫುಟ್‌ಹಿಲ್ ಕ್ವಾರ್ಟರ್ (ಸುಮಾರು ಮೂರು ತಿಂಗಳ ಅವಧಿ) ಲೆಕ್ಕದ ಕಾಲೇಜುಗಳು, ಕ್ವಾರ್ಟರ್ ಯುನಿಟ್ ಅಂದ್ರೆ ಸೆಮಿಸ್ಟರ್ ಯುನಿಟ್‌ನ ಮೂರನೇ ಎರಡು ಭಾಗ, ಹಂಗಾಗಿ ಅಲ್ಲಿ ಯುನಿಟ್‌ಗೆ 31 ಡಾಲರ್. ಐದು ಯುನಿಟ್ ಕ್ಲಾಸಿಗೆ 155 ಆಯ್ತು, ಮೇಲೆ ಸಣ್ಣಪುಟ್ಟ ಫೀಸು, ಪಾರ್ಕಿಂಗ್. ನಿವಾಸಿ ಅಲ್ಲ ಅಂದುಬಿಟ್ರೆ ಇದರ ಹಲವು ಪಟ್ಟು ಕಟ್ಟಬೇಕಾಗತ್ತೆ, ಆದ್ದರಿಂದ ಇಲ್ಲಿ ಹುಷಾರಾಗಿರಿ. ಕ್ಲಾಸ್ ಶುರುವಾಗೋ ಹಿಂದಿನ ದಿನಕ್ಕೆ ಕನಿಷ್ಠ ಒಂದು ವರ್ಷ ಒಂದು ದಿನ ರಾಜ್ಯದಲ್ಲಿ ವಾಸ ಇದ್ದು, ಇಲ್ಲೇ ಇರೋ ಉದ್ದೇಶ ಇದೆ ಅಂತ ತೋರಿಸ್ಬೇಕು. ಎಚ್-4ನವರು ಹಾಗೆ ತೋರಿಸ್ಬಹುದು, ಎಫ್-1 ಮತ್ತೆ ಬಿ (ವಿಸಿಟರ್) ವೀಸಾದವರಿಗೆ ಆಗಲ್ಲ.

ನನಗಾಗಿದ್ದನ್ನೇ ಹೇಳ್ತೀನಿ. ಆರು ವರ್ಷದ ಹಿಂದೆ ನಾನು ಸೇರಿದ ಒಂದು ಕಾಲೇಜಲ್ಲಿ (ಹೆಸರು ಬೇಡ) ಎಚ್-4 ಅಂತ ನೋಡಿದ ತಕ್ಷಣ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಅಂತ ಹಾಕಿ ದೊಡ್ಡ ಬಿಲ್ ಕಳಿಸಿದ್ರು, ಅದನ್ನ ನೋಡಿ ಎರಡು ದಿನ ಅನ್ನ ಸೇರಲಿಲ್ಲ ನಂಗೆ, ಓದೋದೇ ಬೇಡ ಅಂದ್ಕೊಂಡುಬಿಟ್ಟಿದ್ದೆ. ಆಮೇಲೆ ಟ್ಯಾಕ್ಸ್ ರಿಟರ್ನ್, ಡ್ರೈವಿಂಗ್ ಲೈಸೆನ್ಸ್, ಮನೆ ಲೀಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಹಿಡ್ಕೊಂಡು ಹೋಗಿ ರೆಸಿಡೆನ್ಸಿ ಫಾರ್ಮ್ ತುಂಬಿಕೊಟ್ಟೆ, ಒಂದು ವಾರದಲ್ಲಿ ಸರಿಮಾಡಿದ್ರು. ನೀವು ಅಪ್ಲಿಕೇಶನ್ ಹಾಕ್ದಾಗ್ಲೇ ಈ ಕಾಗದಗಳನ್ನ ಒಂದು ಫೈಲಲ್ಲಿ ಇಟ್ಕೊಂಡಿರಿ. ಅಕೌಂಟಿಂಗ್ ಬಗ್ಗೆ ರಾತ್ರಿ ಬರೀತೀನಿ, ಈಗ ಕೆಲಸದಲ್ಲಿದೀನಿ.

ಧಾರವಾಡ ಫೇಡಾ:
ಅಕ್ಕಾರ, ನಾ ಅಸ್ಟ್ರಾನಮಿ ತಗೊಂಡಿದ್ದೆರೀ ಡಿ ಆಂಜಾದಾಗ, ಆಫೀಸ್ ಮುಗಿಸ್ಕೊಂಡು ಸಂಜೀ ಕ್ಲಾಸು. ಅಲ್ಲೆ ಎರಡು ಕೋರ್ಸ್ ಅದಾವ, ಅಸ್ಟ್ರಾನಮಿ 4 ಅಂದ್ರ ಸೌರವ್ಯೂಹದ್ದು, ಅಸ್ಟ್ರಾನಮಿ 10 ಅಂದ್ರ ನಕ್ಷತ್ರ ಗೆಲಾಕ್ಸಿ ಎಲ್ಲಾ. ಎರಡೂ ಐದೈದು ಯುನಿಟ್. ಯಾವುದು ಮೊದಲ ಮಾಡಿದ್ರೂ ನಡೀತದ. ನನ್ನ ಕ್ಲಾಸ್ ನಡೆದಿದ್ದು ಅವರ ಪ್ಲಾನೆಟೇರಿಯಮ್ಮಿನಾಗ, 50 ಅಡಿ ಅಗಲದ ಗುಮ್ಮಟದ ಕೆಳಗ ಕುರ್ಚಿ ಹಿಂದಕ್ಕ ಒರಗಿಸ್ಕೊಂಡು ಕೂಡೋದು, ಲೈಟ್ ನಿಧಾನಕ ಆರಿಸಿದ್ರಂದ್ರ ಊರಾಗ ಕರೆಂಟ್ ಹೋದಾಗ ಅಂಗಳದಾಗ ನಿಂತಂಗ ಆಗ್ತದ್ರೀ.

ಮೊದಲನೇ ವಾರ ಮಾಸ್ತರು ಒಂದು ಮಾತು ಹೇಳಿದ್ರು, ಧ್ರುವ ನಕ್ಷತ್ರ ನೆಲದಿಂದ ಎಷ್ಟು ಡಿಗ್ರಿ ಮ್ಯಾಲ ಕಾಣ್ತದೋ ಅದ ನಿಮ್ಮೂರಿನ ಅಕ್ಷಾಂಶ ಅಂತ. ನನಗ ಮೈ ಝುಮ್ ಅಂತು. ಧಾರವಾಡದಾಗ ಅದು ಹದಿನೈದೂವರೆ ಡಿಗ್ರಿ, ಅಂದ್ರ ಮಾವಿನ ಗಿಡದ ಮರೀಗೆ ಇರ್ತಿತ್ತು, ನಾ ಸಣ್ಣಾವ ಇದ್ದಾಗ ಎಂದೂ ಕಂಡಿದ್ದಿಲ್ಲ. ಇಲ್ಲೆ ಕುಪರ್ಟಿನೋದಾಗ 37 ಡಿಗ್ರಿ, ಪಾರ್ಕಿಂಗ್ ಲಾಟಿನಾಗ ನಿಂತು ನೋಡಿದ್ರ ಸಾಕು. ಅದರ ಉಲ್ಟಾನೂ ಅದ, ನಮ್ಮೂರಾಗ ಚಳಿಗಾಲದಾಗ ದಕ್ಷಿಣಕ್ಕ ಝಗಝಗ ಹೊಳೀತಿದ್ದ ಅಗಸ್ತ್ಯ ನಕ್ಷತ್ರ ಇಲ್ಲೆ ದಿಗಂತದ ಅಂಚಿಗೆ ಬಂದು ಹಂಗ ಮುಳುಗಿ ಹೋಗ್ತದ, ಗುಡ್ಡದ ಹಿಂದ ಕಾಣೋದ ಇಲ್ಲ. ಎಷ್ಟು ದೂರ ಬಂದೀವಿ ಅನ್ನೋದು ನನಗ ವಿಮಾನದ ಟಿಕೆಟ್ ನೋಡಿ ತಿಳಿದಿದ್ದಿಲ್ಲರೀ, ಅವತ್ತ ತಿಳೀತು.

ಗಣಿತ ಭಾಳ ಇಲ್ಲ, ನಮ್ಮ ಹತ್ತನೇತ್ತೆ ಬೀಜಗಣಿತ ಬಂದ್ರ ಆತು. ಕೆಪ್ಲರ್ ಮೂರನೇ ನಿಯಮ ಬರ್ತದ, ಭೂಮಿಯ ದೂರ ಒಂದು ಅಂತ ಹಿಡಿದ್ರ, ಸೂರ್ಯನಿಂದ ದೂರ ಎಷ್ಟೋ ಅದರ ಘನ ಅಂದ್ರ ಸುತ್ತೋ ವರ್ಷದ ವರ್ಗ. ಗುರು ಗ್ರಹದ ದೂರ 5.2 ಹಾಕಿ ಲೆಕ್ಕ ಮಾಡ್ರಿ, 11.86 ವರ್ಷ ಬರ್ತದ. ನಮ್ಮ ಪಂಚಾಂಗದಾಗ ಗುರು ರಾಶಿಗೊಂದು ವರ್ಷ, ಒಟ್ಟು ಹನ್ನೆರಡು ಅಂತಾರಲ್ಲ, ಅದ ಇದು. ಶನಿಗೆ 9.54 ಹಾಕ್ರಿ, ಇಪ್ಪತ್ತೊಂಬತ್ತೂವರೆ ವರ್ಷ, ಹನ್ನೆರಡರಿಂದ ಭಾಗಿಸಿದ್ರ ರಾಶಿಗೆ ಎರಡೂವರೆ, ಮೂರು ರಾಶಿ ಕೂಡಿದ್ರ ಏಳೂವರೆ, ಅದ ಸಾಡೇಸಾತಿ. ನಮ್ಮವ್ವಗ ಫೋನಿನಾಗ ಹೇಳಿದ್ರ ಆಕಿ ಒಂದು ತಾಸು ಫೋನ್ ಇಡಲಿಲ್ಲ.

ಒಂಟಿಕೊಪ್ಪಲು:
ಫೇಡಾ ಅವರೇ ಎಷ್ಟು ಚೆನ್ನಾಗಿ ಬರೆದಿದೀರಿ, ನಂಗೂ ತಗೋಬೇಕು ಅನ್ನಿಸ್ತಾ ಇದೆ.

ಈಗ ಅಕೌಂಟಿಂಗ್. ಡಿ ಆಂಜಾದಲ್ಲಿ ಫೈನಾನ್ಶಿಯಲ್ ಅಕೌಂಟಿಂಗ್ ಅನ್ನ 1ಎ, 1ಬಿ ಅಂತ ಭಾಗ ಮಾಡಿದಾರೆ, ಆಮೇಲೆ ಮ್ಯಾನೇಜೀರಿಯಲ್ 1ಸಿ. ನೀವು ಬಿಕಾಂ ಆದ್ರಿಂದ ಮೊದಲ ನಾಲ್ಕು ವಾರ ಸಲೀಸು. ನಮ್ಮ ತಾತ ದೇವರಾಜ ಅರಸು ರಸ್ತೇಲಿ ಬಟ್ಟೆ ಅಂಗಡಿ ಇಟ್ಟಿದ್ರು, ಅವರ ಕಿರ್ದಿ ಪುಸ್ತಕನೇ ಇಲ್ಲಿ ಜರ್ನಲ್ಲು, ಖಾತೆ ಪುಸ್ತಕನೇ ಲೆಡ್ಜರು, ಜಮಾ ಖರ್ಚು ಬರೆಯೋ ತತ್ವ ಒಂದೇ. ವ್ಯತ್ಯಾಸ ಆಮೇಲೆ ಬರತ್ತೆ. ಇಲ್ಲಿ ಬ್ಯಾಲೆನ್ಸ್ ಶೀಟಲ್ಲಿ ಮೊದಲ ಸಾಲೇ ಕ್ಯಾಶು, ಬೇಗ ದುಡ್ಡಾಗೋದು ಮೇಲೆ, ಕಟ್ಟಡ ಜಮೀನು ಕೆಳಗೆ, ನಮ್ಮ ಕಂಪನಿ ಬ್ಯಾಲೆನ್ಸ್ ಶೀಟಿಗೆ ಉಲ್ಟಾ. ದಾಸ್ತಾನು ಲೆಕ್ಕದಲ್ಲಿ ಲಿಫೋ, ಅಂದ್ರೆ ಕೊನೇಲಿ ಕೊಂಡಿದ್ದು ಮೊದಲು ಮಾರಿದ್ದು ಅಂತ ತೋರ್ಸೋದು, ನಮ್ಮಲ್ಲಿ ಒಪ್ಪಲ್ಲ, ಇಲ್ಲಿ ನಡೆಯತ್ತೆ. ಹಳೇ ಅಭ್ಯಾಸ ಕೈ ಹಿಡಿದು ಎಳೆಯತ್ತೆ, ನಾನು ಮೊದಲ ಮಿಡ್‌ಟರ್ಮಲ್ಲಿ ಇದರಿಂದಲೇ ಮಾರ್ಕ್ಸ್ ಕಳ್ಕೊಂಡೆ.

ನಂದು ಮೈಸೂರಲ್ಲಿ ಬಿಕಾಂ ಎಂಕಾಂ ಎರಡೂ ಆಗಿತ್ತು. ಸಿಪಿಎ (ನಮ್ಮ ಸಿಎ ಥರ) ಪರೀಕ್ಷೆಗೆ ಹೊರಟಾಗ ಕ್ಯಾಲಿಫೋರ್ನಿಯಾದ ಅಕೌಂಟೆನ್ಸಿ ಬೋರ್ಡ್ ಒಪ್ಪಿರೋ ಸಂಸ್ಥೆ ಕೈಲಿ ನಮ್ಮ ಅಂಕಪಟ್ಟಿ ಎವಾಲ್ಯುಯೇಶನ್ ಮಾಡಿಸ್ದೆ, ಕೆಲವು ವಿಷಯಕ್ಕೆ ಯುನಿಟ್ ಕಮ್ಮಿ ಬಿತ್ತು, ಆ ಕೊರತೆ ತುಂಬ್ಕೊಂಡಿದ್ದು ಕಮ್ಯುನಿಟಿ ಕಾಲೇಜಲ್ಲೇ. ನನ್ನ ಕ್ಲಾಸಲ್ಲಿ ಅರ್ಧಕ್ಕರ್ಧ ಜನ ಹಾಗೆ ಬಂದೋರು, ಫಿಲಿಪ್ಪೀನ್ಸ್, ತೈವಾನ್, ನಮ್ಮೋರು. ಎಲ್ರೂ ಆಗ್ಲೇ ಒಂದು ಡಿಗ್ರಿ ಇದ್ದೋರೇ. ನಿಮ್ಮ ಮೂರು ವರ್ಷದ ಬಿಕಾಂ ಅನ್ನ ಇಲ್ಲಿ ಪೂರ್ತಿ ಬ್ಯಾಚುಲರ್ಸ್ ಅಂತ ಒಪ್ಪದೇನೂ ಇರಬಹುದು, ಅದಕ್ಕೆ ಕೋರ್ಸ್ ಮೇಲೆ ಕೋರ್ಸ್ ತಗೊಳ್ಳೋ ಮುಂಚೆ ಎವಾಲ್ಯುಯೇಶನ್ ಮಾಡಿಸಿ, ಬೋರ್ಡಿನ ಈಗಿನ ನಿಯಮ ಏನಿದೆ ನೋಡ್ಕೊಳ್ಳಿ, ಬದಲಾಗ್ತಾ ಇರತ್ತೆ.

ಕ್ಯಾಂಪ್‌ಬೆಲ್ ಕನ್ನಡಿಗ:
ನಾನು ನೇರವಾಗಿ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಅಕೌಂಟಿಂಗ್ ತಗೊಳ್ಳಿ. ಇಎಡಿ ಬಂದ ದಿನ ಕೈಲಿ ಏನಾದ್ರೂ ಇರ್ಬೇಕು, ಕ್ವಿಕ್‌ಬುಕ್ಸ್ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಕಲೀರಿ, ಎಕ್ಸೆಲ್ ಗಟ್ಟಿ ಮಾಡ್ಕೊಳ್ಳಿ. ನನ್ನ ಹೆಂಡತಿ ಐದು ವರ್ಷ ಅದೂ ಇದೂ ಕ್ಲಾಸ್ ಅಂತ ಹೋದ್ಲು, ಇಎಡಿ ಬಂದಾಗ ರೆಸ್ಯೂಮೆಯಲ್ಲಿ ಹಾಕೋಕೆ ಏನೂ ಇರ್ಲಿಲ್ಲ, ತುಂಬಾ ನೊಂದ್ಕೊಂಡ್ಲು, ಅದನ್ನ ಕಣ್ಣಾರೆ ನೋಡಿದ್ದಕ್ಕೆ ಹೇಳ್ತಿರೋದು. ಚಿತ್ರ ಬಿಡಿಸೋದು ಯೂಟ್ಯೂಬಲ್ಲಿ ಕಲೀಬಹುದು, ನಕ್ಷತ್ರಕ್ಕೂ ಆ್ಯಪ್ ಇದೆ. ಇನ್ನೊಂದು, ಆ ಸೀಟುಗಳು ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬೇಕಾದ ಬಡ ಮಕ್ಕಳಿಗೆ ಬೇಕಾಗಿರೋದು, ನಾವು ಟೈಮ್ ಪಾಸಿಗೆ ಹೋಗಿ ಕೂರೋದು ಎಷ್ಟು ಸರಿ ಅಂತಾನೂ ಯೋಚಿಸ್ಬೇಕು.

ಕುಡ್ಲದ ಅಕ್ಕ:
ಕ್ಯಾಂಪ್‌ಬೆಲ್‌ನವರೇ, ನಿಮ್ಮ ಹೆಂಡತಿಯವರ ವಿಷಯ ಓದಿ ಬೇಸರ ಆಯ್ತು, ನೀವು ಹೇಳುದರಲ್ಲಿ ಅರ್ಥ ಉಂಟು. ಆದ್ರೆ ಯೂಟ್ಯೂಬಲ್ಲಿ ಡ್ರಾಯಿಂಗ್ ಕಲೀಬಹುದು ಅಂತ ಹೇಳುದನ್ನು ಮಾತ್ರ ನಾನು ಒಪ್ಪುದಿಲ್ಲ. ನಾನು ಎರಡು ವರ್ಷ ಯೂಟ್ಯೂಬ್ ನೋಡಿ ಕಲಿತವಳೇ, ಮತ್ತೆ ಫುಟ್‌ಹಿಲ್‌ನಲ್ಲಿ ಒಂದು ಕ್ವಾರ್ಟರ್ ಕಲಿತೆ, ಎರಡಕ್ಕೂ ಅಜಗಜಾಂತರ ಮಾರಾಯ್ರೆ.

ಏನು ವ್ಯತ್ಯಾಸ ಹೇಳ್ತೇನೆ ಕೇಳಿ. ನಮಗೆ ಶಾಲೆಯಲ್ಲಿ ಕಲಿಸಿದ್ದು ಹೂಜಿ ಹೇಗಿರ್ತದೆ ಅಂತ ಮನಸ್ಸಲ್ಲಿ ಉಂಟಲ್ಲ, ಅದನ್ನು ಬಿಡಿಸುದು. ಇಲ್ಲಿ ಮೊದಲ ದಿನವೇ ಆ ಅಭ್ಯಾಸ ತಪ್ಪಿಸ್ತಾರೆ. ಎದುರಿಗೆ ಒಂದು ಸ್ಟೂಲ್ ಇಟ್ಟು, ಸ್ಟೂಲ್ ಬಿಡಿಸ್ಬೇಡಿ, ಅದರ ಕಾಲುಗಳ ನಡುವೆ ಇರುವ ಖಾಲಿ ಜಾಗವನ್ನು ಮಾತ್ರ ಬಿಡಿಸಿ ಅಂತ ಹೇಳ್ತಾರೆ. ಖಾಲಿ ಜಾಗಕ್ಕೆ ಹೆಸರಿಲ್ಲ ಅಲ್ವಾ, ಹಾಗಾಗಿ ಮನಸ್ಸಿಗೆ ಮೊದಲೇ ಗೊತ್ತಿರುವ ಆಕಾರ ಅಂತ ಯಾವುದೂ ಇಲ್ಲ, ಕಣ್ಣು ನೋಡಲೇಬೇಕು. ಅರ್ಧ ಗಂಟೆ ಆದ ಮೇಲೆ ನೋಡಿದ್ರೆ ಕಾಗದದ ಮೇಲೆ ಸ್ಟೂಲ್ ತಾನಾಗಿ ನಿಂತಿರ್ತದೆ, ನಾನು ಜೀವನದಲ್ಲಿ ಅಷ್ಟು ಸರಿಯಾದ ಸ್ಟೂಲ್ ಬಿಡಿಸಿರ್ಲಿಲ್ಲ. ಮತ್ತೊಂದು, ಕಾಗದ ನೋಡದೆ ಬರೀ ವಸ್ತುವಿನ ಅಂಚನ್ನೇ ನೋಡ್ತಾ ಒಂದೇ ಗೆರೆಯಲ್ಲಿ ಬಿಡಿಸುದು. ಇದನ್ನೆಲ್ಲ ವೀಡಿಯೋದಲ್ಲೂ ಹೇಳ್ತಾರೆ, ಹೌದು. ಆದರೆ ನಾನು ಮೋಸ ಮಾಡಿ ಕಾಗದ ನೋಡಿದ್ರೆ ವೀಡಿಯೋಗೆ ಗೊತ್ತಾಗುದಿಲ್ಲ, ಹಿಂದೆ ನಿಂತ ಟೀಚರಿಗೆ ಗೊತ್ತಾಗ್ತದೆ.

ಮತ್ತೆ ಕ್ರಿಟಿಕ್ ಅಂತ ಉಂಟು. ಎಲ್ಲರ ಚಿತ್ರವನ್ನೂ ಗೋಡೆಗೆ ಚುಚ್ಚಿ ಒಬ್ಬೊಬ್ಬರೂ ಮಾತಾಡ್ಬೇಕು. ಮೊದಲ ಸಲ ನನ್ನ ಕೈಕಾಲು ತಣ್ಣಗಾಗಿತ್ತು. ನನ್ನ ಪಕ್ಕದಲ್ಲಿದ್ದ ಹುಡುಗ ಗ್ಯಾರೇಜಲ್ಲಿ ಕೆಲಸ ಮಾಡುವವ, ಅವ ನನ್ನ ಚಿತ್ರ ನೋಡಿ ಬೆಳಕು ಎಡಗಡೆಯಿಂದ ಬರ್ತಾ ಉಂಟು ಆದ್ರೆ ನೆರಳು ಮಾತ್ರ ಎರಡು ಕಡೆ ಉಂಟಲ್ಲ ಅಂತ ಕೇಳಿದ. ಎರಡು ವರ್ಷ ನನಗೆ ಕಾಣದ ತಪ್ಪು ಅದು.

ವಯಸ್ಸಿನ ವಿಷಯ, ನನ್ನ ಕ್ಲಾಸಲ್ಲಿ ಎಪ್ಪತ್ತು ದಾಟಿದ ಇಬ್ಬರಿದ್ರು. ಯಾರೂ ಕೇಳುದಿಲ್ಲ.

ಎರಡು ಮಕ್ಕಳ ತಾಯಿ:
ಸೀಟಿನ ವಿಷಯಕ್ಕೆ ನಾನೊಂದು ಮಾತು ಸೇರಿಸ್ತೀನಿ, ಯಾಕಂದ್ರೆ ನನ್ನ ಮಗ ಕಮ್ಯುನಿಟಿ ಕಾಲೇಜಿಂದಲೇ ಟ್ರಾನ್ಸ್‌ಫರ್ ಆಗಿದ್ದು, ಆ ಕಡೆಯಿಂದನೂ ನೋಡಿದೀನಿ. ಕಡಿಮೆ ಜನ ಸೇರಿದ್ರೆ ಕ್ಲಾಸೇ ಕ್ಯಾನ್ಸಲ್ ಮಾಡ್ತಾರೆ. ಕಾಲೇಜಿಗೆ ರಾಜ್ಯದಿಂದ ಬರೋ ದುಡ್ಡು ದೊಡ್ಡ ಪಾಲು ಎಷ್ಟು ವಿದ್ಯಾರ್ಥಿಗಳು ಇದಾರೆ ಅನ್ನೋದರ ಮೇಲೇ ನಿಂತಿರೋದು. ನನ್ನ ಮಗನಿಗೆ ಬೇಕಿದ್ದ ಒಂದು ಆರ್ಟ್ ಹಿಸ್ಟರಿ ಕ್ಲಾಸ್ ಸಾಕಷ್ಟು ಜನ ಇಲ್ಲ ಅಂತ ಶುರುವಾಗೋ ವಾರ ನಿಂತುಹೋಯ್ತು, ಅವನು ಒಂದು ಕ್ವಾರ್ಟರ್ ಕಾಯ್ಬೇಕಾಯ್ತು. ಅವತ್ತು ನಿಮ್ಮಂಥೋರು ನಾಲ್ಕು ಜನ ಸೇರಿದ್ರೆ ಆ ಕ್ಲಾಸ್ ಉಳೀತಿತ್ತು. ಇನ್ನು ತುಂಬಿ ತುಳುಕೋ ಕ್ಲಾಸ್‌ಗಳಲ್ಲಿ ರಿಜಿಸ್ಟ್ರೇಶನ್ ಸರದಿ ಇರತ್ತೆ, ಡಿಗ್ರಿ ಹತ್ರ ಬಂದಿರೋ ಮಕ್ಕಳಿಗೆ ಮೊದಲ ದಿನಾಂಕ ಕೊಡ್ತಾರೆ, ಹೊಸಬರಿಗೆ ಆಮೇಲೆ. ಯಾರ ಸೀಟೂ ಯಾರೂ ಕಿತ್ಕೊಳ್ಳಲ್ಲ.

1960ರಲ್ಲಿ ಈ ರಾಜ್ಯ ಮಾಸ್ಟರ್ ಪ್ಲ್ಯಾನ್ ಅಂತ ಮಾಡಿದಾಗ್ಲೇ ಮೇಲಿನ ಯೂನಿವರ್ಸಿಟಿಗಳಿಗೆ ಅಂಕದ ಗೆರೆ ಹಾಕಿದ್ರು, ಈ ಕಾಲೇಜುಗಳಿಗೆ ಮಾತ್ರ ಕಲಿಯೋಕೆ ಬರೋ ಯಾರಿಗಾದ್ರೂ ಬಾಗಿಲು ತೆರೆದಿರ್ಬೇಕು ಅಂದ್ರು. ಈಗ ಅಂಥವು 116 ಇವೆ. ನಾವೂ ಟ್ಯಾಕ್ಸ್ ಕಟ್ತೀವಿ, ಸಂಕೋಚ ಬೇಡ.

ಇನ್ನೊಂದು, ಆರ್ಟ್ ಅಸ್ಟ್ರಾನಮಿ ಟೈಮ್ ಪಾಸ್ ಅಂತ ಯಾರೂ ಅನ್ಕೋಬೇಡಿ. ನನ್ನ ಮಗ ಬಿಸಿನೆಸ್ ಮೇಜರ್, ಅಕೌಂಟಿಂಗ್, ಎಕನಾಮಿಕ್ಸ್, ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್ ಎಲ್ಲಾ ಮಾಡ್ದ, ಅದರ ಜೊತೆ ಜನರಲ್ ಎಜುಕೇಶನ್ ಅಂತ ಒಂದು ಕಲಾ ವಿಷಯ, ಒಂದು ಭೌತ ವಿಜ್ಞಾನ ವಿಷಯ ಮಾಡಲೇಬೇಕು, ಅವನು ತಗೊಂಡಿದ್ದು ಆರ್ಟ್ ಹಿಸ್ಟರಿ ಮತ್ತೆ ಅಸ್ಟ್ರಾನಮಿ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಡೇವಿಸ್‌ಗೆ ಟ್ಯಾಗ್ ಹಾಕಿದ್ವಿ. ಟ್ಯಾಗ್ ಅಂದ್ರೆ ಇಷ್ಟು ಕೋರ್ಸ್ ಇಷ್ಟು ಗ್ರೇಡ್ ಬಂದ್ರೆ ಸೀಟು ಖಾತ್ರಿ ಅಂತ, ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕಡೆ ಇದೆ, ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋಗೆ ಇಲ್ಲ. ಮಗಳು ಇನ್ನೂ ಹೈಸ್ಕೂಲು, ಅವಳೂ ಹೈಸ್ಕೂಲಲ್ಲಿರೋವಾಗ್ಲೇ ಕಾಲೇಜ್ ಕ್ಲಾಸ್ ತಗೊಳ್ಳೋ ಡ್ಯುಯಲ್ ಎನ್‌ರೋಲ್‌ಮೆಂಟಲ್ಲಿ ಅಸ್ಟ್ರಾನಮಿ ಮಾಡಿದ್ಲು. ಆದ್ರೆ ಮಕ್ಕಳನ್ನ ಸೇರಿಸೋ ಅಪ್ಪ ಅಮ್ಮಂದಿರಿಗೆ ಒಂದು ಎಚ್ಚರಿಕೆ, ಆ ಗ್ರೇಡು ಕಾಲೇಜಿನ ದಾಖಲೆ, ಜೀವಮಾನ ಇರತ್ತೆ. ಕಷ್ಟ ಅನ್ನಿಸಿದ್ರೆ ಮೊದಲ ಎರಡು ವಾರದ ಒಳಗೆ ಡ್ರಾಪ್ ಮಾಡಿ, ಆಮೇಲೆ ಮಾಡಿದ್ರೆ ದಾಖಲೇಲಿ ಡಬ್ಲ್ಯೂ (ವಿತ್‌ಡ್ರಾ, ಮಧ್ಯೆ ಬಿಟ್ಟಿದ್ದು) ಅಂತ ಬೀಳತ್ತೆ.

ಕ್ಯಾಂಪ್‌ಬೆಲ್ ಕನ್ನಡಿಗ:
ಕ್ಲಾಸ್ ಕ್ಯಾನ್ಸಲ್ ಆಗೋ ವಿಷಯ ನಂಗೆ ಗೊತ್ತಿರ್ಲಿಲ್ಲ, ಸೀಟಿನ ಮಾತು ವಾಪಸ್ ತಗೋತೀನಿ. ಅಕೌಂಟಿಂಗ್ ಮೊದಲು ಅನ್ನೋ ಮಾತು ಹಂಗೇ ಇದೆ.

ನಿವೃತ್ತ ಮೇಷ್ಟ್ರು:
ನಾನು ತೀರ್ಥಹಳ್ಳಿ ಕಡೆಯವನು, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಮಗಳ ಮನೆಗೆ ಆರು ತಿಂಗಳಿಗೆ ಬಂದಿದ್ದೇನೆ, ವಿಸಿಟರ್ ವೀಸಾ. ಮೇಲಿನ ಖಗೋಳದ ಮಾತು ಓದಿ ತುಂಬ ಸಂತೋಷವಾಯಿತು. ನನ್ನಂಥವನು ಆ ತರಗತಿಗೆ ಸೇರಬಹುದೆ? ಪರೀಕ್ಷೆ, ಪ್ರಮಾಣಪತ್ರ ಏನೂ ಬೇಡ, ಕೂತು ಕೇಳಿದರೆ ಸಾಕು.

ಧಾರವಾಡ ಫೇಡಾ:
ಮಾಸ್ತರ, ನಮಸ್ಕಾರ್ರೀ. ವಿಸಿಟರ್ ವೀಸಾದಾಗ ಕ್ರೆಡಿಟ್ ಕೋರ್ಸಿಗೆ (ಡಿಗ್ರಿ ಲೆಕ್ಕಕ್ಕ ಬರೂವಂಥದ್ದು) ಸೇರ್ಲಿಕ್ಕೆ ಬರೂದಿಲ್ಲರೀ, ಆ ತಪ್ಪು ಮಾತ್ರ ಮಾಡಬ್ಯಾಡ್ರಿ, ಮುಂದ ವೀಸಾಕ್ಕ ತೊಂದರೆ ಆಗ್ತದ. ಆದ್ರ ಬ್ಯಾರೆ ದಾರಿ ಅದ. ಫುಟ್‌ಹಿಲ್ ಕಾಲೇಜಿನೊಳಗ ಒಂದು ವೀಕ್ಷಣಾಲಯ ಅದ, ಪೆನಿನ್ಸುಲಾ ಅಸ್ಟ್ರಾನಾಮಿಕಲ್ ಸೊಸೈಟಿ ಅಂತ ಹವ್ಯಾಸಿಗಳ ಸಂಘದವರು ಆಕಾಶ ತಿಳಿಯಾಗಿದ್ದ ಶುಕ್ರವಾರ ರಾತ್ರಿ ಸಾರ್ವಜನಿಕರಿಗೆ ದೂರದರ್ಶಕದಾಗ ತೋರಸ್ತಾರ. ಹೋಗೋಕಿಂತ ಮುಂಚೆ ಅವರ ವೆಬ್‌ಸೈಟ್ ನೋಡ್ಕೊಳ್ರಿ. ಅದ ಕಾಲೇಜಿನಾಗ 1999ರಿಂದ ಸಿಲಿಕಾನ್ ವ್ಯಾಲಿ ಅಸ್ಟ್ರಾನಮಿ ಲೆಕ್ಚರ್ಸ್ ಅಂತ ಉಪನ್ಯಾಸ ಮಾಲೆ ನಡದದ, ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಜನಸಾಮಾನ್ಯರಿಗೆ ತಿಳಿಯೂಹಂಗ ಹೇಳಿದ್ದು, ಹಳೇವು ಯೂಟ್ಯೂಬಿನಾಗೂ ಅದಾವ. ಅದನ್ನ ಶುರು ಮಾಡಿದವರು ಅಲ್ಲೇ ಪ್ರೊಫೆಸರ್ ಇದ್ದ ಆ್ಯಂಡ್ರೂ ಫ್ರಾಕ್ನೋಯ್. ಅವರು ಇನ್ನಿಬ್ಬರ ಕೂಡ ಬರೆದ ಅಸ್ಟ್ರಾನಮಿ ಪಠ್ಯಪುಸ್ತಕ ಓಪನ್‌ಸ್ಟ್ಯಾಕ್ಸ್ ಅನ್ನೂ ವೆಬ್‌ಸೈಟಿನಾಗ ಪೂರ್ತಿ ಪುಕ್ಕಟೆ ಸಿಗ್ತದ. ನನ್ನ ಕ್ಲಾಸಿಗೂ ಅದ ಪುಸ್ತಕ, ಒಂದು ಡಾಲರ್ ಖರ್ಚಾಗಲಿಲ್ಲ. ಇಳಿಸ್ಕೊಂಡು ಓದ್ರಿ, ನೀವು ಊರಿಗೆ ಹೋದಮ್ಯಾಲೂ ಕೂಡ ಇರ್ತದ.

ಸ್ಯಾನ್ ಹೋಸೆಯಿಂದ ಮೂಡಣಕ್ಕ ನೋಡಿದ್ರ ಗುಡ್ಡದ ತುದೀಗೆ ಬಿಳೀ ಗುಮ್ಮಟ ಕಾಣ್ತಾವಲ್ಲ, ಅದು ಲಿಕ್ ವೀಕ್ಷಣಾಲಯ. ಅಲ್ಲಿ 36 ಇಂಚಿನ ಮಸೂರದ ದೂರದರ್ಶಕ 1888ರಾಗ ಶುರುವಾಗಿದ್ದು, 1892ರಾಗ ಬರ್ನಾರ್ಡ್ ಅನ್ನೂ ಖಗೋಳ ವಿಜ್ಞಾನಿ ಗುರುವಿನ ಐದನೇ ಚಂದ್ರನ್ನ ಕಂಡಿದ್ದು ಅದರೊಳಗ. ಮಗಳಿಗೆ ಹೇಳ್ರಿ, ಒಂದು ದಿನ ಕರ್ಕೊಂಡು ಹೋಗ್ಲಿ, ದಾರಿ ಭಾಳ ತಿರುವು ಅದ, ವಾಂತಿ ಆಗೋರು ಗುಳಿಗಿ ತಗೊಂಡು ಹೋಗ್ಬೇಕು.

ಮತ್ತ ನಿಮಗ ಹಿಡಿಸೂ ಇನ್ನೊಂದು ಮಾತು. ಸೂರ್ಯನ ಬೆಳಕಿನಾಗ ಹೀಲಿಯಂ ಸುಳಿವು ಸಿಕ್ಕ ಕತಿ ಕ್ಲಾಸಿನಾಗ ಬಂತು, 1868ರ ಆಗಸ್ಟ್ 18ರ ಖಗ್ರಾಸ ಗ್ರಹಣಕ್ಕ ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದಿದ್ರು ಅಂತ. ನಾ ಮನೀಗೆ ಬಂದು ಇನ್ನಷ್ಟು ಓದಿದ್ರ, ಅದ ದಿನ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅನ್ನಾವ ರೋಹಿತದರ್ಶಕ (ಬೆಳಕಿನ ಬಣ್ಣ ಬ್ಯಾರೆ ಬ್ಯಾರೆ ಮಾಡಿ ತೋರಸೂ ಉಪಕರಣ) ಹಿಡ್ಕೊಂಡು ನಿಂತಿದ್ದು ನಮ್ಮ ಜಮಖಂಡ್ಯಾಗ! ನಮ್ಮ ಸ್ವಾದರಮಾವನ ಊರು. ಮುಂದಿನ ಕ್ಲಾಸಿನಾಗ ಎದ್ದು ನಿಂತು ಹೇಳಿದೆ, ಮಾಸ್ತರು ನಕಾಶೆ ತಗಸಿ ಎಲ್ಲಾರಿಗೂ ಜಮಖಂಡಿ ತೋರಿಸಿದ್ರು.

ನಿವೃತ್ತ ಮೇಷ್ಟ್ರು:
ಉಪಕಾರವಾಯಿತಪ್ಪ. ನಾನು ಮೂವತ್ತೆರಡು ವರ್ಷ ಪಾಠ ಮಾಡಿದೆ, ಜಮಖಂಡಿಯ ವಿಷಯ ನನಗೆ ತಿಳಿದಿರಲಿಲ್ಲ.

ನೀವು ಹೇಳಿದ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ, ಹರಿಹರದ ತಂಗಿಗೆ ಉಪಯೋಗವಾಗಬಹುದು. ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರಲ್ಲವೆ, ಆದ್ರೆ ಆರಿದ್ರಾ ಇಲ್ಲದಿದ್ರೆ ದರಿದ್ರ ಅನ್ನುತ್ತಾರೆ. ಜೂನ್ ಇಪ್ಪತ್ತೊಂದು ಇಪ್ಪತ್ತೆರಡರ ಹೊತ್ತಿಗೆ ಆರಿದ್ರಾ ಮಳೆ ಹಿಡಿಯುತ್ತದೆ. ಮಕ್ಕಳು ಕೇಳುತ್ತಿದ್ದರು, ಸಾರ್ ಆ ನಕ್ಷತ್ರ ಈಗ ಎಲ್ಲಿ ಕಾಣುತ್ತೆ ಅಂತ. ಕಾಣುವುದಿಲ್ಲ. ಆರಿದ್ರಾ ಅಂದರೆ ಬೆಟೆಲ್‌ಗ್ಯೂಸ್, ಆ ದಿನಗಳಲ್ಲಿ ಸೂರ್ಯ ಅದರ ದಿಕ್ಕಿನಲ್ಲೇ ಇರುತ್ತಾನೆ, ಹಗಲಲ್ಲಿ ಅವನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಮಳೆಯ ಹೆಸರು ಸೂರ್ಯನ ವಿಳಾಸ. ರಾತ್ರಿ ಆ ನಕ್ಷತ್ರ ನೋಡಬೇಕಾದರೆ ಆರು ತಿಂಗಳು ಕಾಯಬೇಕು, ಡಿಸೆಂಬರಿನಲ್ಲಿ ಸಂಜೆಯೇ ಮೂಡಣದಲ್ಲಿ ಕೆಂಪಗೆ ಬರುತ್ತದೆ. ನಿಮ್ಮ ಅಜ್ಜಿಯವರಿಗೆ ಇದು ಗೊತ್ತಿದ್ದಿರಲೇಬೇಕು.

ಹರಿಹರದ ಹೊಳೆ:
ಮೇಷ್ಟ್ರೇ ನಿಮ್ಮ ಮಾತು ಓದಿ ಕಣ್ಣಲ್ಲಿ ನೀರು ಬಂತು. ನಮ್ಮಜ್ಜಿ ಮೃಗಶಿರ ಮಳೆ ಬಂತು ಅಂತ ಬಿತ್ತನೆಗೆ ಬೀಜ ತೆಗಿಯೋರು, ಅದು ಸೂರ್ಯ ಇರೋ ಜಾಗ ಅಂತ ನಂಗೆ ಇವತ್ತೇ ಗೊತ್ತಾಗಿದ್ದು.

ಎಲ್ರ ಮಾತನ್ನೂ ನಮ್ಮನೆಯವರಿಗೆ ಓದಿ ಹೇಳ್ದೆ. ಕ್ಯಾಂಪ್‌ಬೆಲ್ ಅಣ್ಣ ಹೇಳಿದ್ದು ಅವರಿಗೆ ಸರಿ ಅನ್ನಿಸ್ತು, ನಂಗೂ ಸರಿನೇ, ಅಕೌಂಟಿಂಗ್ ನಾನು ಬಿಡಲ್ಲ, ವಿಂಟರ್ ಕ್ವಾರ್ಟರಲ್ಲಿ 1ಎ ತಗೋತೀನಿ, ಅಷ್ಟರಲ್ಲಿ ಬಿಕಾಂ ಎವಾಲ್ಯುಯೇಶನ್ ಕೂಡ ಬಂದಿರತ್ತೆ. ಆದ್ರೆ ಮೊದಲು ಡ್ರಾಯಿಂಗ್. 23 ವರ್ಷ ಕಾದಿದೀನಿ, ಇನ್ನೊಂದು ಕ್ವಾರ್ಟರ್ ಕಾಯೋಕೆ ಮನಸ್ಸು ಬರ್ತಿಲ್ಲ. ಅಪ್ಪನಿಗೆ ಫೋನ್ ಮಾಡಿ ಹೇಳ್ದೆ, ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಫೀಸು ಎಷ್ಟವ್ವಾ ಅಂತ ಕೇಳಿದ್ರು.

ಸಮಸ್ಯೆ ಏನಂದ್ರೆ ಬೆಳಗಿನ ಸೆಕ್ಷನ್ ತುಂಬಿಹೋಗಿದೆ, ವೇಟ್‌ಲಿಸ್ಟಲ್ಲಿ ನಾನು ಮೂರನೇಯವಳು. ಇದರಲ್ಲಿ ಆಸೆ ಇಟ್ಕೋಬಹುದಾ?

ಕುಡ್ಲದ ಅಕ್ಕ:
ಮೂರು ಅಂದ್ರೆ ಖಂಡಿತ ಸಿಗ್ತದೆ ತಂಗಿ. ಮೊದಲ ದಿನ ತಪ್ಪದೆ ಹೋಗಿ ಕೂತ್ಕೊಳ್ಳಿ, ಬಾರದವರ ಹೆಸರು ಅವತ್ತೇ ತೆಗೀತಾರೆ. ಟೀಚರ್ ಹತ್ತಿರ ಹೋಗಿ ನಾನು ವೇಟ್‌ಲಿಸ್ಟಲ್ಲಿದ್ದೇನೆ ಅಂತ ನೀವೇ ಹೇಳ್ಬೇಕು, ಕ್ಲಾಸಿಗೆ ಸೇರ್ಲಿಕ್ಕೆ ಆ್ಯಡ್ ಕೋಡ್ ಅಂತ ಒಂದು ನಂಬರ್ ಕೊಡ್ತಾರೆ, ಅದನ್ನು ಹಾಕ್ಲಿಕ್ಕೆ ಕೊನೆ ದಿನ ಇರ್ತದೆ, ತಡ ಮಾಡ್ಬೇಡಿ. ಈಮೇಲ್ ದಿನಾ ನೋಡಿ, ಸೀಟು ಖಾಲಿಯಾದ ಸುದ್ದಿ ಅದರಲ್ಲೇ ಬರುದು.

ಮತ್ತೊಂದು ನೆನಪಿಡಿ, ಕ್ಯಾಲಿಫೋರ್ನಿಯಾದಲ್ಲಿ ಸ್ಟೂಡಿಯೋ ಆರ್ಟ್ ಕೋರ್ಸ್ ಪಾಸಾದ ಮೇಲೆ ಇಷ್ಟ ಅಂತ ಅದನ್ನೇ ಮತ್ತೆ ಮತ್ತೆ ತಗೊಳ್ಳಿಕ್ಕೆ ಈಗ ಬಿಡುದಿಲ್ಲ, ಮೊದಲು ಬಿಡ್ತಿದ್ರು. ಹಾಗಾಗಿ ಮನೆಯಲ್ಲಿ ನೆಂಟರು ಬರುವ, ಊರಿಗೆ ಹೋಗುವ ಕ್ವಾರ್ಟರಲ್ಲಿ ತಗೊಳ್ಳಬೇಡಿ. ಸಿಕ್ಕಿದ ಒಂದು ಸಲವನ್ನು ಪೂರ್ತಿ ಉಪಯೋಗಿಸಿ.

ಒಂಟಿಕೊಪ್ಪಲು:
ಇಂಗ್ಲಿಷ್ ಬರೆಯೋ ಭಯ ಅಂದಿದ್ರಲ್ಲ, ಕಾಲೇಜಲ್ಲಿ ಟ್ಯೂಟರಿಂಗ್ ಸೆಂಟರ್ ಇರತ್ತೆ, ಫ್ರೀ. ಬರೆದಿದ್ದು ತಗೊಂಡು ಹೋದ್ರೆ ಪಕ್ಕದಲ್ಲಿ ಕೂತು ಓದಿ ಹೇಳ್ತಾರೆ. ನಾನು ಬಿಸಿನೆಸ್ ಲಾ ಕ್ಲಾಸಿನ ಪ್ರತಿ ಪೇಪರೂ ಅಲ್ಲಿ ತೋರಿಸಿದೀನಿ. ವಿಂಟರ್‌ನಲ್ಲಿ 1ಎಗೆ ಬಂದಾಗ ನನ್ನ ನೋಟ್ಸ್ ಕೊಡ್ತೀನಿ, ಕಿರ್ದಿ ಖಾತೆ ಅಂತ ಕನ್ನಡದಲ್ಲೇ ಅಂಚಲ್ಲಿ ಬರ್ಕೊಂಡಿರೋದು.

ಹರಿಹರದ ಹೊಳೆ:
ಅಪ್‌ಡೇಟ್. ಸೀಟು ಸಿಕ್ತು! ಕುಡ್ಲದ ಅಕ್ಕ ಹೇಳ್ದಂಗೆ ಮೊದಲ ದಿನ ಹೋಗಿ ಕೂತೆ, ಐದು ಜನ ಬಂದಿರ್ಲಿಲ್ಲ. ರೆಸಿಡೆನ್ಸಿಗೂ ಕಾಗದ ಕೇಳಿದ್ರು, ಫೈಲ್ ರೆಡಿ ಇದ್ದಿದ್ರಿಂದ ಅಲ್ಲೇ ಮುಗೀತು.

ಇವತ್ತು ಸ್ಟೂಲ್. ಅದೇ ಖಾಲಿ ಜಾಗದ್ದು. ಮೂರು ಗಂಟೆ ಹೋಗಿದ್ದೇ ಗೊತ್ತಾಗ್ಲಿಲ್ಲ, ಇದ್ದಿಲ ಕಡ್ಡಿ ಹಿಡಿದು ಕೈಯೆಲ್ಲಾ ಕಪ್ಪು, ಹಂಗೇ ಮಕ್ಕಳನ್ನ ಕರ್ಕೊಂಡು ಬರೋಕೆ ಸ್ಕೂಲಿಗೆ ಹೋದೆ, ಚಿಕ್ಕವಳು ಕೈ ನೋಡಿ ಅಮ್ಮಾ ಏನಾಯ್ತು ಅಂತ ಗಾಬರಿಯಾದ್ಲು. ಮನೆಗೆ ಬಂದು ಚಿತ್ರ ತೋರಿಸ್ದೆ, ಇದು ನೀನೇ ಬಿಡಿಸಿದ್ದಾ ಅಂತ ಮೂರು ಸಲ ಕೇಳಿದ್ಲು.

ಗುರುವಾರಕ್ಕೆ ಕಾಗದ ನೋಡದೆ ಬಿಡಿಸಿರೋ ಇಪ್ಪತ್ತು ಚಿತ್ರ ತರ್ಬೇಕು, 18 ಇಂಟು 24 ಇಂಚಿನ ನ್ಯೂಸ್‌ಪ್ರಿಂಟ್ ಪ್ಯಾಡ್ ಬೇಕು, ಕಾಲೇಜ್ ಬುಕ್‌ಸ್ಟೋರಲ್ಲಿ ಮುಗಿದುಹೋಗಿದೆ. ಸನ್ನಿವೇಲ್ ಹತ್ರ ಎಲ್ಲಿ ಕಡಿಮೆಗೆ ಸಿಗತ್ತೆ?

ಕುಡ್ಲದ ಅಕ್ಕ:
ಅಂಗಡಿಗೆ ಹೋಗ್ಬೇಡಿ, ನನ್ನ ಹತ್ತಿರ ಅರ್ಧ ಪ್ಯಾಡ್ ಉಳಿದಿದೆ, ಹಿಟ್ಟಿನ ಹಾಗೆ ನಾದುವ ರಬ್ಬರೂ ಎರಡು ಉಂಟು. ನಾಳೆ ಸಂಜೆ ಆರರ ಒಳಗೆ ಮೆಸೇಜ್ ಮಾಡಿ ಬನ್ನಿ, ನಾನು ಮನೆಯಲ್ಲೇ ಇರ್ತೇನೆ. ಇವತ್ತಿನ ಸ್ಟೂಲನ್ನೂ ತನ್ನಿ, ನೋಡ್ಬೇಕು.

ನಿವೃತ್ತ ಮೇಷ್ಟ್ರು:
ಶುಕ್ರವಾರ ಫುಟ್‌ಹಿಲ್‌ಗೆ ಹೋಗಿದ್ದೆವು. ಶನಿಯನ್ನು ನೋಡಿದೆ. ಮೂವತ್ತೆರಡು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬಳೆ ಬರೆದು ತೋರಿಸಿದ್ದೆ, ಕಣ್ಣಿಂದ ನೋಡಿದ್ದು ಇದೇ ಮೊದಲು. ಸಾಲಿನಲ್ಲಿ ಹಿಂದೆ ಮಕ್ಕಳಿದ್ದರು, ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ, ಮತ್ತೆ ಕೊನೆಗೆ ಹೋಗಿ ನಿಂತು ಇನ್ನೊಂದು ಸಲ ನೋಡಿದೆ. ಫೇಡಾ ಅವರೇ, ಆ ಪುಸ್ತಕದ ನಾಲ್ಕು ಅಧ್ಯಾಯ ಮುಗಿಸಿದ್ದೇನೆ, ಎರಡು ಕಡೆ ಸಂಶಯವಿದೆ, ಬಿಡುವಾದಾಗ ಬರೆಯಿರಿ.

ಧಾರವಾಡ ಫೇಡಾ:
ಈಗ ಬಿಡುವಾಗೇ ಅದೀನ್ರಿ ಮಾಸ್ತರ. ಯಾವ ಪುಟ ಹೇಳ್ರಿ.